ಸೊಣ್ಣಮ್ಮನ ಅವರೆ ಸಾಲು

ಸೊಣ್ಣಮ್ಮನಿಗೆ ಅರವತ್ತು ದಾಟಿತ್ತು. ಎಷ್ಟು ದಾಟಿತ್ತೆಂದು ಅವಳನ್ನೂ ಕೇಳಬೇಡಿ, ಬರೆದಿಟ್ಟವರು ಯಾರು? ನಂದಗುಡಿ ಸುತ್ತಿನ ಆ ಊರಲ್ಲಿ ಅವರೆ ಬಿಡುವುದೆಂದರೆ ಅವಳದೇ ಕೈ. ರಾಗಿ ಬಿತ್ತುವ ಕೂರಿಗೆಯ ಹಿಂದೆ ಬಿದಿರಿನ ಕೊಳವೆಯಾದ ಸಡ್ಡೆ ಹಿಡಿದು ನಡೆಯುತ್ತಾ, ಅದರ ಬಾಯಿಗೆ ಒಂದೊಂದೇ ಅವರೆ ಬೀಜ ಬಿಡಬೇಕು. ಕೈ ತಪ್ಪಿದರೆ ಮುಚ್ಚಿಡುವಂತಿಲ್ಲ. ಎಂಟು ದಿನಕ್ಕೆ ಮೊಳಕೆ ಬಂದು, ಎಲ್ಲಿ ಗುಂಪಾಯಿತು, ಎಲ್ಲಿ ಖಾಲಿ ಬಿತ್ತು ಎಂದು ಊರಿಗೇ ಸಾರುತ್ತದೆ.

ಹಿಂದಿನ ವರ್ಷ ಹಾಗೇ ಆಯಿತು. ಬೆರಳು ನಡುಗಿ ನಾಲ್ಕೈದು ಬೀಜ ಒಟ್ಟಿಗೆ ಜಾರಿದವು; ಸಾಲು ಬಾಚದ ತಲೆಯ ಹಾಗೆ ಎದ್ದಿತು. ಮಗ ಪಿಳ್ಳಪ್ಪ ಒರಟನಲ್ಲ. ಮುಂದಿನ ಸಲ ಲಕ್ಕಮ್ಮ ಬಿಡಲಿ, ನೀನು ನೆರಳಲ್ಲಿ ಕೂತಿರು ಎಂದು ಮೆಲ್ಲಗೇ ಹೇಳಿದ. ಲಕ್ಕಮ್ಮ ಅವನ ಹೆಂಡತಿ. ಪಕ್ಕದ ಮನೆಯ ಬೈರಣ್ಣ ಸೊಣ್ಣಮ್ಮನ ಓರಗೆಯವನು, ಜಗುಲಿಯಿಂದ ಏಳಲೂ ಗೋಡೆ ಹಿಡಿಯುವವನು. ವಯಸ್ಸಾದ ಮೇಲೆ ಇದೆಲ್ಲ ಬರುವುದೇ ಎಂದು ಅವನು ಸಮಾಧಾನ ಹೇಳಿದ. ಸೊಣ್ಣಮ್ಮನೂ ನಂಬಿದಳು. ನಂಬಿ, ಒಳಗೊಳಗೇ ಬೆಂದಳು.

ಅದು ನಲವತ್ನಾಲ್ಕನೆಯ ಇಸವಿ, ಯುದ್ಧದ ಕಾಲ. ಸರ್ಕಾರಕ್ಕೆ ಅಳೆದುಕೊಟ್ಟು ಉಳಿದ ರಾಗಿಯಲ್ಲೇ ವರ್ಷ ನೂಕಬೇಕು. ಎರಡು ವರ್ಷದಿಂದ ಸೊಣ್ಣಮ್ಮ ಬೆಳಗ್ಗೆ ಒಂದಿಷ್ಟು ಅಂಬಲಿ, ರಾತ್ರಿ ನಿಂಬೆಹಣ್ಣಿನಷ್ಟು ಮುದ್ದೆ ಮುಗಿಸಿ ಕೈ ತೊಳೆಯುತ್ತಿದ್ದಳು. ಮುದಿ ಹೊಟ್ಟೆಗೆ ಇಷ್ಟು ಸಾಕು ಅನ್ನುವಳು. ಊರಿನ ವಯಸ್ಸಾದವರೆಲ್ಲ ಅನ್ನುತ್ತಿದ್ದದ್ದೂ ಅದನ್ನೇ. ಯಾರೂ ಬಲವಂತ ಮಾಡಲಿಲ್ಲ. ಎಂಥ ಅನುಕೂಲದ ನಂಬಿಕೆ ನೋಡಿ!

ಈ ಸಲದ ಬಿತ್ತನೆಗೆ ಮುಂಚೆ ಅವಳು ಹೊಸಕೋಟೆ ಕಡೆಯ ತವರಿಗೆ ಹೋದಳು. ಅಣ್ಣ ವೆಂಕಟರಾಮಪ್ಪ ಅವಳಿಗಿಂತ ಐದಾರು ವರ್ಷ ದೊಡ್ಡವನು, ಇನ್ನೂ ನೇಗಿಲು ಹಿಡಿಯುತ್ತಿದ್ದ. ಅವನು ತನ್ನಷ್ಟೇ ಮುದ್ದೆಯನ್ನು ತಂಗಿಯ ಗಂಗಳಕ್ಕೂ ಹಾಕಿಸಿದ, ಬೇಡವೆಂದರೆ ಗದರಿದ. ಹದಿನೈದು ದಿನ ಅವಳು ಹೊಟ್ಟೆ ತುಂಬ ಉಂಡಳು. ಒಂದು ಬೆಳಗ್ಗೆ ಅತ್ತಿಗೆಯ ಜೊತೆ ಅವರೆ ಬೀಜ ಆರಿಸುತ್ತಾ ಕೈ ನೋಡಿಕೊಂಡಳು. ಬೆರಳು ನಡುಗುತ್ತಿರಲಿಲ್ಲ. ಮೊದಲು ನಗು ಬಂತು. ಆಮೇಲೆ, ಎರಡು ವರ್ಷ ಹಸಿವಿಗೆ ವಯಸ್ಸೆಂದು ಹೆಸರಿಟ್ಟೆನಲ್ಲ ಎಂದು ತನ್ನ ಮೇಲೇ ಉರಿದಳು.

ಊರಿಗೆ ಬಂದವಳೇ ಒಲೆಯ ಮುಂದೆ ಕೂತಳು. "ಲಕ್ಕಮ್ಮ, ಇವತ್ತಿಂದ ದೊಡ್ಡೋರೆಲ್ಲರ ಮುದ್ದೆನೂ ಒಂದೇ ಅಳತೆ. ಅವರೆ ನಾನೇ ಬಿಡೋದು," ಎಂದಳು. ಪಿಳ್ಳಪ್ಪ ತನ್ನ ಗಂಗಳ ನೋಡಿದ, ತಾಯಿಯ ಕೈ ನೋಡಿದ.

ಬಿತ್ತನೆಯ ದಿನ ಸೊಂಟ ನೋಯಿತು, ಕಣ್ಣು ಮಂಜಾಗಿಯೇ ಇತ್ತು, ವಯಸ್ಸೇನೂ ಓಡಿಹೋಗಿರಲಿಲ್ಲ. ಆದರೂ ಕೊನೆಯ ಸಾಲಿನವರೆಗೂ ಸಡ್ಡೆಯನ್ನು ಯಾರ ಕೈಗೂ ಕೊಡಲಿಲ್ಲ.

ಎಂಟನೆಯ ದಿನ ಅವರೆ ಗೇಣಿಗೊಂದರಂತೆ ಎದ್ದು ನಿಂತಿತ್ತು. ಬೈರಣ್ಣ ಕೋಲೂರಿಕೊಂಡು ಬಂದು ಸಾಲಿನುದ್ದಕ್ಕೂ ನೋಡಿದ.

"ನಿನ್ನ ವಯಸ್ಸು ಎಲ್ಲೋಯ್ತು ಸೊಣ್ಣಮ್ಮ?" ಎಂದ.

"ಅದು ಇಲ್ಲೇ ಐತೆ. ನೀನು ರಾತ್ರಿ ಏನುಂಡೆ, ಅದನ್ನ ಹೇಳು ಬೈರಣ್ಣ."

ಒಂದು ಲೋಟ ಅಂಬಲಿ ಎನ್ನಲು ಬೈರಣ್ಣನಿಗೆ ನಾಚಿಕೆಯಾಯಿತು. ಸೊಣ್ಣಮ್ಮ ಅವನ ಕೋಲಿನ ತುದಿ ಹಿಡಿದು ಮನೆಗೆ ನಡೆಸಿಕೊಂಡು ಹೋದಳು. ಇನ್ನೊಂದು ಗಂಗಳ ಇಡಲು ಬಾಗಿಲಿಂದಲೇ ಸೊಸೆಗೆ ಹೇಳಿದಳು.