ಅವರೆ ಸಾಲಿನಲ್ಲಿ ನಾನು ಹೊಸಕಿದ ಹುಳ

ನಮ್ಮೂರ ಹತ್ತಿರ ಏರ್‌ಪೋರ್ಟ್ ಶುರುವಾಗಿ ನನ್ನ ಗಂಡ ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಊರು ಆವತಿಯಲ್ಲಿನ ನಮ್ಮ ಹೊಲ ನನ್ನ ಮತ್ತು ಮಾವನ ಪಾಲಿಗೆ ಬಂತು. ಅದೇ ವರ್ಷ ಊರಿನ ರೈತರಿಗೆ ವಾರಕ್ಕೊಂದು ದಿನ ಹೊಲದಲ್ಲೇ ಕೃಷಿ ಇಲಾಖೆಯ ಪಾಠ ಶುರುವಾಯಿತು. ಬೋರ್ಡಿಲ್ಲ, ಪುಸ್ತಕವಿಲ್ಲ. ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಎಲೆ ತಿರುಗಿಸಿ ನೋಡಿ, ಕಂಡದ್ದನ್ನು ಹೇಳಬೇಕು. ನನಗೆ ಅದರ ಗೀಳು ಹಿಡಿಯಿತು.

ಔಷಧಿ ಹೊಡೆಯದೆ ಅವರೆ ಬೆಳೆಯುತ್ತೇನೆಂದು ಹಟ ಮಾಡಿ, ರಾಗಿ ನಡುವಿನ ಅವರೆ ಸಾಲುಗಳಲ್ಲಿ ನಾಲ್ಕನ್ನು ಮಾವನಿಂದ ಇಸಿದುಕೊಂಡೆ.

"ಇವು ಹಾಳಾದ್ರೆ ನಿನ್ ಪಾಠನೂ ಬಂದ್ ಕಣವ್ವ" ಎಂದರು.

ಹೂ ಬಿಡುವ ಹೊತ್ತಿಗೆ ಕುಡಿಗಳಿಗೆಲ್ಲ ಗಿಡದ ರಸ ಹೀರುವ ಕಪ್ಪು ಹೇನು ಮೆತ್ತಿಕೊಂಡಿತು. ಹೇನಿನ ನಡುವೆ ಮುಳ್ಳುಮುಳ್ಳಾದ ಬೂದು ಹುಳ ಬೇರೆ. ಇವೇ ದೊಡ್ಡ ಕಳ್ಳರೆಂದು ಎರಡು ದಿನ ಬೆರಳಲ್ಲಿ ಹೊಸಕಿ ಹಾಕಿದೆ. ಹೇನು ಇನ್ನೂ ಹೆಚ್ಚಿತು. ಪಾಠದ ದಿನ ನನ್ನ ಪರಾಕ್ರಮವನ್ನು ಎಲ್ಲರೆದುರು ಹೇಳಿಕೊಂಡೆ. ಕಲಿಸುವ ಮೇಡಂ ಬೈಯಲಿಲ್ಲ.

"ಒಂದು ಹುಳನ ಹೇನಿನ ಜೊತೆ ಬಾಟ್ಲಿಗೆ ಹಾಕಿ ನೋಡಿ. ಆಮೇಲೆ ನೀವೇ ನಂಗೆ ಹೇಳಿ."

ಮಾರನೆಯ ದಿನ ಹಾಗೇ ಬಾಟ್ಲಿಗೆ ಹಾಕಿ, ಬದುವಿನ ಮೇಲೆ ಕೂತು ಅರ್ಧ ಗಂಟೆ ನೋಡಿದೆ. ಆ ಹುಳ ಹೇನುಗಳನ್ನು ಒಂದೊಂದಾಗಿ ತಿನ್ನುತ್ತಿತ್ತು. ನನ್ನ ಕಡೆಯವರನ್ನೇ ಹೊಸಕಿದ್ದೆನಲ್ಲ! ಅದು ಚುಕ್ಕೆ ಬೆನ್ನಿನ ಕೆಂಪು ಗುಲಗಂಜಿ ಹುಳದ ಮರಿಯೆಂದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ಮಾವ ಬೆನ್ನಿಗೆ ಔಷಧಿ ಪಂಪು ಹೊತ್ತು ಬಂದರು. "ಸಾಕು ನಿನ್ ಆಟ, ಈಚೆ ಬಾ. ನನ್ ಸಾಲಿಗೂ ಹೇನು ಹತ್ಕೊಂಡೈತೆ."

"ಮಾವ, ಇದನ್ನ ನೋಡ್ಬಿಟ್ಟು ಹೊಡೀರಿ. ನಾನು ಅಡ್ಡ ಬರಲ್ಲ" ಎಂದು ಬಾಟ್ಲಿ ಕೊಟ್ಟೆ.

ಗೊಣಗುತ್ತಲೇ ಹಿಡಿದುಕೊಂಡರು. ನೋಡುತ್ತ ನೋಡುತ್ತ ಪಂಪು ಇಳಿಸಿ ನನ್ನ ಪಕ್ಕದಲ್ಲೇ ಕೂತರು.

"ಇಷ್ಟ್ ವರ್ಷ ಇವನ್ನೂ ಸೇರ್ಸಿ ಸಾಯಿಸ್ತಿದ್ನೇನವ್ವ?"

ಅವರ ದನಿ ಕೇಳಿ, ಪಂಪು ತಂದದ್ದಕ್ಕೆ ಬಂದಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ನಾನೂ ಸಾಯಿಸ್ದೆ ಮಾವ" ಎಂದೆ. ಒಂದು ವಾರ ಕಾಯೋಣ ಎಂದರು, ಆದರೆ ಪಂಪನ್ನು ಮನೆಗೆ ಒಯ್ಯಲಿಲ್ಲ.

ಆ ವಾರ ನನಗೆ ಊಟ ಸೇರಲಿಲ್ಲ. ಏಳನೆಯ ದಿನ ಬೆಳಿಗ್ಗೆ ಹೋದರೆ ನನ್ನ ಸಾಲಿನ ಕುಡಿಗಳಲ್ಲಿ ಹೇನು ತೆಳುವಾಗಿ, ಎಳೆಗಾಯಿ ಕಾಣಿಸುತ್ತಿತ್ತು. ಓಡಿ ಹೋಗಿ ಹೇಳೋಣವೆಂದರೆ, ಮಾವ ತಮ್ಮ ಸಾಲಿನಲ್ಲೇ ಮಂಡಿಯೂರಿ, ಕನ್ನಡಕ ಮೂಗಿನ ತುದಿಗಿಳಿಸಿ, ಎಲೆಯೊಂದನ್ನು ತಿರುಗಿಸಿ ಹಿಡಿದಿದ್ದರು.

"ಮಾವ..." ಎಂದೆ.

"ಶ್, ಸುಮ್ಕಿರವ್ವ. ತಿಂತಾ ಐತೆ."