ಕಾಜಾ ಅತ್ತೆಯ ಶಿಳ್ಳೆಯೂ ಏಳನೇ ಸೂಜಿಯೂ

ಕಾಜಾ ಅತ್ತೆ ಶಿಳ್ಳೆ ಹೊಡೆದಳು ಎಂದರೆ ಆ ಬೀದಿಯಲ್ಲಿ ಅರ್ಧ ಜನ ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಯಾರಿಗೇನು ನಷ್ಟ? ಹೊಡೆದದ್ದಂತೂ ನಿಜ. ಹೊಡೆದ ಮರುಕ್ಷಣ ಆದ ಅನಾಹುತವೂ ಅಷ್ಟೇ ನಿಜ.

ಅರವತ್ತೆಂಟು ವರ್ಷದ ಹೆಂಗಸು. ಮೂಲೆಯ ಹೊಲಿಗೆ ಅಂಗಡಿಯಲ್ಲಿ, ಕಿಟಕಿ ಪಕ್ಕದ ಎತ್ತರದ ಕುರ್ಚಿಯಲ್ಲಿ ಕೂತು, ನಲವತ್ತೈದು ವರ್ಷದಿಂದ ಕೋಟುಗಳಿಗೆ ಕಾಜಾ ಹಾಕಿದವಳು. ಗುಂಡಿ ತೂರಿಸುವ ಆ ಪುಟ್ಟ ಕಿಂಡಿಯನ್ನು ಯಂತ್ರವೂ ಹೊಲಿಯುತ್ತದೆ, ಇಲ್ಲ ಅಂದವರ್ಯಾರು? ಆದರೆ ಅತ್ತೆ ಕೈಯಲ್ಲಿ ಹಾಕಿದ ಕಾಜಾ ಕಂಡವರು ಯಂತ್ರದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ. ಒತ್ತೊತ್ತಾಗಿ ಕೂತ ಹೊಲಿಗೆ, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ, ಕೊನೆಯಲ್ಲಿ ಎಡಕ್ಕೆ ವಾಲಿದ ಜೋಡಿ ಗಂಟು. ಆ ಎಡಗಂಟು ಕಲಿಯುವ ಕಾಲದಲ್ಲಿ ಅಂಟಿಕೊಂಡ ತಪ್ಪು ಅಭ್ಯಾಸ. ಬಿಡಲಾಗದೆ ಉಳಿದು, ಕೊನೆಗೆ ಅದೇ ಆಕೆಯ ಸಹಿಯಾಗಿತ್ತು. ಅಂಗಡಿಯನ್ನು ಈಗ ನಡೆಸುತ್ತಿದ್ದವಳು ಸೊಸೆ. ಅವಳು ದಿನವಿಡೀ "ಅತ್ತೆ, ಅತ್ತೆ" ಅನ್ನುವುದನ್ನು ಕೇಳಿ ಕೇಳಿ ಬೀದಿಗೆ ಬೀದಿಯೇ ಆಕೆಯನ್ನು ಕಾಜಾ ಅತ್ತೆ ಎಂದು ಕರೆಯುತ್ತಿತ್ತು.

ಹೊಲಿಗೆಯವರಿಗೆ ಬಾಯಿಯೂ ಒಂದು ಕೈಯೇ. ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚುತ್ತಾರೆ. ಇದಕ್ಕೆ ಅತ್ತೆ ಒಂದು ಕಟ್ಟಪ್ಪಣೆ ಮಾಡಿದ್ದಳು: ಬಾಯಲ್ಲಿ ಏಳೇ ಸೂಜಿ. "ಆರಾದ್ರೆ ಕೋಟಿನ ಒಂದು ಮಗ್ಗುಲಿಗೆ ಸಾಲಲ್ಲ, ಎಂಟಾದ್ರೆ ನಾಲಿಗೆಗೆ ಲೆಕ್ಕ ಸಿಗಲ್ಲ" ಅನ್ನುತ್ತಿದ್ದಳು. ಅತ್ತೆಯ ಏಳಕ್ಕೆ ಬಿಳಿ ತಲೆ, ಸೊಸೆಯ ಏಳಕ್ಕೆ ಕೆಂಪು ತಲೆ. ಸಂಜೆ ಅಂಗಡಿ ಮುಚ್ಚುವಾಗ ಎರಡು ಡಬ್ಬಿಯಲ್ಲೂ ಏಳೇಳು ಇರಲೇಬೇಕು. ಸೊಸೆ ಮದುವೆಯಾಗಿ ಬಂದ ಮೊದಲ ವಾರದಲ್ಲೇ ಈ ಪಾಠ ಮುಗಿದಿತ್ತು.

ಮೂರು ವರ್ಷದ ಹಿಂದೆ ಅತ್ತೆಯ ಬೆರಳಿನ ಗೆಣ್ಣುಗಳು ಊದತೊಡಗಿದವು. ಸಂಧಿವಾತ. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚಲು ಅರ್ಧ ಗಂಟೆ ಬೇಕು. ಬಾಗಿಲ ಚಿಲಕ ತೆಗೆಯಲು ಮೊಣಕೈ ಬೇಕು. ಅತ್ತೆ ಮಾತ್ರ ಕೈಯನ್ನು ದೂರಿದ್ದೇ ಇಲ್ಲ. ಈಗಿನ ಸೂಜಿ ಸರಿಯಿಲ್ಲ, ಈಗಿನ ದಾರ ಜಾರುತ್ತೆ, ಎದುರುಗಡೆ ಮಹಡಿ ಕಟ್ಟಿ ಕಿಟಕಿಯ ಬೆಳಕು ಹಾಳು ಮಾಡಿದರು. ಕುಣಿಯಲಾರದವಳಿಗೆ ನೆಲ ಡೊಂಕು ಅಂತ ಸುಮ್ಮನೆ ಹೇಳುತ್ತಾರೆಯೇ? ವಾರಕ್ಕೆ ಹತ್ತು ಕೋಟು ಮುಗಿಸುತ್ತಿದ್ದವಳು ಎರಡಕ್ಕೆ ಇಳಿದಳು. ಆದರೂ ಕೋಟು ತೊಟ್ಟು ಹೋಗುವವರು ಕಿಟಕಿ ಬಳಿ ನಿಂತು, "ಏನು ಕೈ ಅತ್ತೆ ನಿಮ್ಮದು! ಬಂಗಾರ!" ಅನ್ನುತ್ತಿದ್ದರು. ಆ ಒಂದು ಮಾತು ಕೇಳಿದರೆ ಅವತ್ತಿನ ನೋವೆಲ್ಲ ಅವತ್ತಿಗೇ ಮಾಫಿ. ಈ ಕೈಯಿಂದ ಇನ್ನೂ ಕಾಜಾ ಬರುತ್ತದೆ ಎಂಬ ನಂಬಿಕೆಯ ಮೇಲೆಯೇ ಆಕೆ ಬೆಳಿಗ್ಗೆ ಹಾಸಿಗೆ ಬಿಟ್ಟೇಳುತ್ತಿದ್ದಳು.

ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದಳು. "ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಸೂಜಿ ಹಿಡೀಬೇಡಿ. ಕೈಗೆ ಭಾರ ಬೀಳದ ಹವ್ಯಾಸ ಏನಾದ್ರೂ ಹುಡುಕ್ಕೊಳ್ಳಿ."

"ಹವ್ಯಾಸಾನಾ? ನನಗೆ ಹೊಲಿಗೆ ಬಿಟ್ರೆ ಬರೋದು ನಿದ್ದೆ ಒಂದೇ ಕಣಮ್ಮ."

ಸೊಸೆ ಬಿಡಬೇಕಲ್ಲ! ಬಣ್ಣದ ಕುಂಚದ ಹಿಡಿಗೆ ಸ್ಪಂಜು ಸುತ್ತಿ, ಹಿಡಿಯಲು ಸುಲಭವಾಗುವಂತೆ ದಪ್ಪ ಮಾಡಿ ತಂದುಕೊಟ್ಟಳು. ಅತ್ತೆ ನಾಲ್ಕು ದಿನ ಕೂತು ಒಂದು ಸೇಬು ಬರೆದಳು. ಎದುರು ಕ್ಷೌರದಂಗಡಿಯವನು ಅದನ್ನು ನೋಡಿ, "ಬೂಟು ಚೆನ್ನಾಗಿ ಬಂದಿದೆ ಅತ್ತೆ" ಅಂದ. ಅಲ್ಲಿಗೆ ಚಿತ್ರಕಲೆ ಮುಗಿಯಿತು. ಆಮೇಲೆ ಮೂರು ಕುಂಡ, ಹಗುರವಾದ ಒಂದು ನೀರಿನ ಕ್ಯಾನು. ಪ್ರೀತಿ ಹೆಚ್ಚಾಗಿ ಹೊತ್ತುಹೊತ್ತಿಗೆ ನೀರು ಹುಯ್ದು ಮೂರನ್ನೂ ಕೊಳೆಸಿದಳು. ಆಮೇಲೆ ಫೋನಿನಲ್ಲಿ ಕಾದಂಬರಿ ಓದಿ ಹೇಳುವ ಒಂದು ದನಿ. ಕಥಾನಾಯಕಿ ಕಳ್ಳನಿಗೆ ಬಾಗಿಲು ತೆಗೆಯಹೊರಟದ್ದೇ ತಡ, "ತೆಗೀಬೇಡ ಕಣೇ ಪೆದ್ದಿ!" ಅಂತ ಕಿರುಚಿ, ಫೋನನ್ನು ದಿಂಬಿನಡಿ ತುರುಕಿ ಎದ್ದುಹೋದಳು. ಬಾಗಿಲು ತೆಗೆದಳೋ ಇಲ್ಲವೋ ಎಂದು ತಿಳಿಯಲು ಮರುದಿನ ಮತ್ತೆ ಕಿವಿಗೊಟ್ಟಳು ಅನ್ನಿ. ಅದು ಮಧ್ಯಾಹ್ನದ ಹವ್ಯಾಸವಾಗಿ ಉಳಿಯಿತು.

ಶಿಳ್ಳೆ ಬಂದದ್ದು ಜಗಳದಿಂದ. ಕ್ಷೌರದಂಗಡಿಯವನಿಗೆ ಕತ್ತರಿ ಆಡಿಸುತ್ತಾ ಶಿಳ್ಳೆ ಹೊಡೆಯುವ ಚಾಳಿ. ಒಂದು ದಿನ ಅತ್ತೆ ಅವನ ಬೆಂಚಿನ ಮೇಲೆ ಕೂತವಳು, "ನಿನ್ನ ಶಿಳ್ಳೆ ಶ್ರುತಿ ತಪ್ತಿದೆ ಕಣಯ್ಯ" ಅಂದಳು.

"ಹಾಗಾದ್ರೆ ನೀವೇ ಹೊಡೆದು ತೋರಿಸಿ."

ಹೆಣ್ಣುಮಗಳಾಗಿ ಶಿಳ್ಳೆ ಹೊಡೀತೀಯಾ ಅಂತ ಎಂಟನೇ ವರ್ಷದಲ್ಲಿ ಅಮ್ಮ ಕೊಟ್ಟ ಏಟು ಆಕೆಗೆ ನೆನಪಿತ್ತು. ಆದರೂ ಮಾತಿಗೆ ಮಾತು ಬೆಳೆದಿತ್ತಲ್ಲ, ತುಟಿ ಮುಂದೆ ಮಾಡಿ ಊದಿದಳು. ಬರೀ ಗಾಳಿ. ಮರುದಿನವೂ ಗಾಳಿ. ಆದರೆ ನಲವತ್ತೈದು ವರ್ಷ ಏಳು ಸೂಜಿಯನ್ನು ಅಲುಗದಂತೆ ಹಿಡಿದ ತುಟಿಗಳು ಅವು, ಸಾಮಾನ್ಯವೇ? ಇಪ್ಪತ್ತನೇ ದಿನ ತೆಳ್ಳಗೆ, ನೇರವಾಗಿ, ಒಂದು ಸ್ವರ ಹೊರಬಿತ್ತು. ಅತ್ತೆಯೇ ಬೆಚ್ಚಿಬಿದ್ದು ಹಿಂದಕ್ಕೆ ತಿರುಗಿ ನೋಡಿದಳು.

"ಅಯ್ಯೋ, ಇದು ನಾನಾ?"

"ಮತ್ತಿನ್ಯಾರು? ನಾನು ಬಾಯಿ ಮುಚ್ಕೊಂಡಿದ್ದೀನಿ" ಅಂದ ಅವನು.

ಆಮೇಲೆ ಒಂದು ತಿಂಗಳು ಗಿರಾಕಿ ಇಲ್ಲದ ಹೊತ್ತಿನಲ್ಲಿ ಕ್ಷೌರದಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಪಾಠ. ಒಂದು ಇಡೀ ಹಾಡು ಬಂತು. ಕೈಗೆ ಒಂದಿಷ್ಟೂ ನೋವಿಲ್ಲದೆ ತನ್ನಿಂದ ಒಂದು ಚಂದದ ವಸ್ತು ಆಗುತ್ತಿದೆ ಎಂದು ಆಕೆಗಾದ ಖುಷಿ ಅಷ್ಟಿಷ್ಟಲ್ಲ. ಸೊಸೆಗೆ ಮಾತ್ರ ಸುಳಿವು ಕೊಡಲಿಲ್ಲ. ಹಾಡು ಪೂರ್ತಿ ಆದ ದಿನ ಹಿಂದಿನಿಂದ ಹೋಗಿ ಅವಳನ್ನು ದಂಗುಬಡಿಸಬೇಕು ಅಂತ ಆಸೆ.

ದಂಗುಬಡಿಸಿದಳು. ಬುಧವಾರ ಬೆಳಿಗ್ಗೆ ಹತ್ತು ಗಂಟೆ. ಸೊಸೆ ಬಾಗಿಲಿಗೆ ಬೆನ್ನು ಮಾಡಿ ನಿಂತು, ಮರದ ಬೊಂಬೆಗೆ ಅರ್ಧ ಹೊಲಿದ ಕೋಟು ತೊಡಿಸುತ್ತಿದ್ದಳು. ಅತ್ತೆ ಹೊಸ್ತಿಲಲ್ಲಿ ನಿಂತು, ಎದೆ ತುಂಬ ಉಸಿರೆಳೆದು, ಹಾಡಿನ ಮೊದಲ ಉದ್ದನೆಯ ಸ್ವರವನ್ನು ಬಿಟ್ಟಳು. ಸೊಸೆ "ಹಕ್" ಎಂದು ಗೇಣುದ್ದ ಹಾರಿದಳು. ಬಾಯಲ್ಲಿದ್ದ ಸೂಜಿಗಳು ನೆಲದ ಮೇಲೆ ಚೆಲ್ಲಾಡಿದವು. ಅವಳು ತಿರುಗಿದಾಗ ಕೈ ಗಂಟಲ ಮೇಲಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು.

ಇಬ್ಬರೂ ನೆಲಕ್ಕೆ ಕೂತು ಹೆಕ್ಕಿದರು. ಒಂದು, ಎರಡು, ಮೂರು... ಆರು. ಮತ್ತೆ ಎಣಿಸಿದರು. ಆರೇ.

ಅತ್ತೆ ಸೊಸೆಯ ಮುಖದತ್ತ ಬಗ್ಗಿದಳು. "ಏಳಿತ್ತೇನೇ? ಬಾಯಲ್ಲಿ ಏಳಿತ್ತೇನೇ?"

"ಏಳೇ ಇರುತ್ತಲ್ಲ ಅತ್ತೆ ಯಾವಾಗ್ಲೂ... ಗಂಟಲಲ್ಲಿ ಏನೋ ಚುಚ್ಚಿದ ಹಾಗಾಗ್ತಿದೆ."

ಅತ್ತೆ ಕೂಗಿದ ಕೂಗಿಗೆ ಕ್ಷೌರದಂಗಡಿಯವನು ಕತ್ತಿ ಹಿಡಿದುಕೊಂಡೇ ಓಡಿಬಂದ. ಅವನ ಹಿಂದೆ ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡಿದ್ದ ಗಿರಾಕಿ. ಕಾರು ಇದ್ದದ್ದು ಆ ಪುಣ್ಯಾತ್ಮನಿಗೆ. ನೊರೆ ಒರೆಸಿಕೊಳ್ಳಲೂ ನಿಲ್ಲದೆ ಅವನು ಇಬ್ಬರನ್ನೂ ಆಸ್ಪತ್ರೆಗೆ ಹಾರಿಸಿಕೊಂಡು ಹೋದ.

ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಅತ್ತೆ ತನ್ನ ಊದಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮುದಿ ವಯಸ್ಸಿನಲ್ಲಿ ನನಗೆ ಶಿಳ್ಳೆ ಬೇಕಿತ್ತಾ? ಇದ್ದೊಬ್ಬ ಸೊಸೆಯ ಹೊಟ್ಟೆಗೆ ಸೂಜಿ ಇಳಿಸಿದೆನಲ್ಲ! ಅವಳೊಬ್ಬಳು ಉಳಿದರೆ ಸಾಕು, ಇನ್ನು ಈ ಜನ್ಮದಲ್ಲಿ ತುಟಿ ಮುಂದೆ ಮಾಡುವುದಿಲ್ಲ ಎಂದು ಹತ್ತು ಸಲ ಆಣೆ ಮಾಡಿಕೊಂಡಳು.

ಡಾಕ್ಟರು ಹೊರಬಂದು, "ಸೂಜಿ ಎಲ್ಲೂ ಇಲ್ಲ. ಗಂಟಲೂ ಚೆನ್ನಾಗಿದೆ, ಹೊಟ್ಟೆಯೂ ಚೆನ್ನಾಗಿದೆ. ಗಾಬರಿಗೆ ಹಾಗನ್ನಿಸಿದೆ ಅಷ್ಟೆ" ಅಂದರು. ಅತ್ತೆಗೆ ಹೋದ ಜೀವ ಬಂದಂತಾಯಿತು. ಆದರೆ ಸೊಸೆಯ ಮುಖ ಅರಳಲಿಲ್ಲ. ಏನೋ ನೆನಪಾದವಳಂತೆ ಇನ್ನಷ್ಟು ಬಿಳಿಚಿಕೊಂಡಳು.

"ಬಿಡಿ ಅತ್ತೆ. ನಾನೇ ಬೆಳಿಗ್ಗೆ ಆರು ಇಟ್ಕೊಂಡಿರ್ಬೇಕು."

"ಹದಿನಾರು ವರ್ಷದಲ್ಲಿ ಒಂದು ದಿನ ಆರು ಇಟ್ಕೊಂಡಿದ್ದೀಯೇನೇ ನೀನು? ಮತ್ತೆ ಏಳನೇದು ಎಲ್ಲಿ ಹೋಯ್ತು? ಜನರ ಜೀವ ತೆಗೆದುಬಿಟ್ಯಲ್ಲೇ!" ಭಯ ಇಳಿದ ಮೇಲೆ ಸಿಟ್ಟು ಏರುವುದು ಸಹಜ. ಆಕೆ ಬೈದದ್ದನ್ನೆಲ್ಲ ಸೊಸೆ ತಲೆ ತಗ್ಗಿಸಿ ಕೇಳಿದಳು. "ನಾಳೆ ನಾನೇ ಹುಡುಕ್ತೀನಿ. ನೀವು ಹುಡುಕೋಕೆ ಹೋಗ್ಬೇಡಿ ಅತ್ತೆ, ದಮ್ಮಯ್ಯ" ಅಂತ ಎರಡೆರಡು ಸಲ ಅಂದಳು.

ಮಗ ಬಂದು ಹೆಂಡತಿಯನ್ನು ಮನೆಗೆ ಕರೆದೊಯ್ದ. ಹೋಗಬೇಡ ಅಂದರೆ ಹೋಗದಿರುವ ಜಾಯಮಾನ ಅತ್ತೆಯದಲ್ಲ. ನಾಳೆ ಯಾರಾದರೂ ಅಳತೆ ಕೊಡಲು ಚಪ್ಪಲಿ ಬಿಟ್ಟು ನಿಂತರೆ ಸೂಜಿ ಕಾಲಿಗೆ ಹೊಕ್ಕೀತು. ಮಧ್ಯಾಹ್ನವೇ ಒಬ್ಬಳೇ ಅಂಗಡಿಗೆ ಹೋಗಿ, ಕೋಲಿನ ತುದಿಗೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆಲ್ಲ ಆಡಿಸಿದಳು. ಮೇಜಿನ ಕೆಳಗೆ, ಇಸ್ತ್ರಿ ಹಲಗೆಯ ಕೆಳಗೆ, ಯಂತ್ರದ ಪೆಡಲಿನ ಸಂದಿಯಲ್ಲಿ. ಒಂದು ಹಳೇ ಹುಕ್ಕು ಬಂತು, ಸೂಜಿ ಬರಲಿಲ್ಲ. ಎಲ್ಲಕ್ಕಿಂತ ಕೆಳಗಿನ ಡ್ರಾಯರು ಪೂರ್ತಿ ಮುಚ್ಚಿರಲಿಲ್ಲ, ಬೂದು ಬಣ್ಣದ ಬಟ್ಟೆಯ ತುದಿ ಹೊರಗಿತ್ತು. ಕೈಯಲ್ಲಿ ಎಳೆಯಲಾಗದೆ ಕಾಲ್ಬೆರಳು ಸಿಕ್ಕಿಸಿ ಎಳೆದಳು.

ಮೊನ್ನೆ ತಾನೇ ಕಾಜಾ ಹಾಕಿ ಮುಗಿಸಿದ್ದ ಬೂದು ಕೋಟು. ಮೂರನೇ ಕಾಜಾದ ಪಕ್ಕದಲ್ಲಿ ಕೆಂಪು ತಲೆಯ ಸೂಜಿ ಚುಚ್ಚಿಕೊಂಡು ಕೂತಿತ್ತು.

"ಸಿಕ್ತು ಕಳ್ಳ!" ಅಂದವಳ ಬಾಯಿ ಹಾಗೇ ತೆರೆದುಕೊಂಡು ಉಳಿಯಿತು. ಮೊದಲ ಎರಡು ಕಾಜಾ ಅಚ್ಚು ಹಾಕಿದ ಹಾಗಿದ್ದವು, ಕೊನೆಗೆ ಎಡಕ್ಕೆ ವಾಲಿದ ಜೋಡಿ ಗಂಟು. ತನ್ನವೇ, ಎಷ್ಟು ಚೆನ್ನಾಗಿ ಬಂದಿವೆ ಅಂದುಕೊಂಡಳು. ಮೂರನೆಯದನ್ನು ಯಾರೋ ಅರ್ಧ ಬಿಚ್ಚಿದ್ದರು. ನಾಲ್ಕು, ಐದು ಬಿಚ್ಚದೆ ಹಾಗೇ ಇದ್ದವು. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ, ನಡುವೆ ಹಲ್ಲುದುರಿದ ಬಾಯಿಯ ಹಾಗೆ ಸಂದು, ಅಂಚಿನಲ್ಲಿ ಬಟ್ಟೆಯ ಎಳೆ ಕಿತ್ತು ಬಂದಿತ್ತು. ಈ ದರಿದ್ರ ಕೆಲಸ ಯಾರದ್ದು ಎಂದು ಒಂದು ಗಳಿಗೆ ನಿಜವಾಗಿಯೂ ಗೊತ್ತಾಗಲಿಲ್ಲ.

ಆಮೇಲೆ ಗೊತ್ತಾಯಿತು: ಅಂದಗೆಟ್ಟವು ತನ್ನವು, ಅಚ್ಚು ಹಾಕಿದಂಥವು ಸೊಸೆ ಬಿಚ್ಚಿ ಮತ್ತೆ ಹಾಕಿದವು. ಅತ್ತೆ ಡ್ರಾಯರಿನ ಮುಂದೆ ಕುಕ್ಕರಿಸಿದಳು.

ಕೋಟಿನ ಕೆಳಗೊಂದು ರಟ್ಟಿನ ಪೆಟ್ಟಿಗೆ. ಅದರ ತುಂಬ ಬಿಚ್ಚಿದ ದಾರದ ಚೂರು: ಕಂದು, ಕಪ್ಪು, ಕಡುನೀಲಿ. ಆ ಕಡುನೀಲಿ ಕೋಟು ಹೊಲಿದದ್ದು ಹೋದ ವರ್ಷದ ಹಿಂದಿನ ವರ್ಷ, ಚಳಿ ಶುರುವಾಗುವ ಮೊದಲು. ಅಂದರೆ ಒಂದೂವರೆ ವರ್ಷ! ಒಂದೂವರೆ ವರ್ಷದಿಂದ ಹೊರಗೆ ಹೋದ ಒಂದು ಕಾಜಾವೂ ತನ್ನದಲ್ಲ. ಬಂಗಾರದ ಕೈ ಅಂತ ಜನ ಹೊಗಳಿದಾಗ ತಾನು ಬೀಗಿದೆನಲ್ಲ, ಪಕ್ಕದಲ್ಲೇ ಇಸ್ತ್ರಿ ಹಿಡಿದು ನಿಂತಿದ್ದ ಸೊಸೆ ಆಗೆಲ್ಲ ನಕ್ಕು ಸುಮ್ಮನಾಗಿದ್ದಳಲ್ಲ! ನನ್ನನ್ನು ಪೆದ್ದಿ ಮಾಡಿದಳು, ಬೀದಿಯ ಮುಂದೆ ಬೊಂಬೆ ಮಾಡಿ ಕೂರಿಸಿದಳು ಎಂದು ಅತ್ತೆಗೆ ಮೈಯೆಲ್ಲ ಉರಿಯಿತು. ಪೆಟ್ಟಿಗೆಯನ್ನು ಕಾಲಿನಿಂದ ಒದ್ದಳು.

ಪೆಟ್ಟಿಗೆ ಮಗುಚಿ, ತಳದಲ್ಲಿದ್ದ ಒಂದು ಬಟ್ಟೆಯ ತುಂಡು ಹೊರಬಿತ್ತು. ಅದರ ಮೇಲೆ ಗಂಟುಗಳು, ಸಾಲು ಸಾಲಾಗಿ ಐವತ್ತು ಅರವತ್ತು. ಮೊದಲ ಸಾಲಿನವು ನೆಟ್ಟಗೆ. ಎರಡನೆಯದರಲ್ಲಿ ಬಲಕ್ಕೆ, ಎಡಕ್ಕೆ, ಎಲ್ಲೆಲ್ಲಿಗೋ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಒಂದೊಂದೂ ಎಡಕ್ಕೇ ವಾಲಿತ್ತು. ನೆಟ್ಟಗಿನ ಗಂಟು ಸಲೀಸಾಗಿ ಬರುತ್ತಿದ್ದ ಕೈ, ಅತ್ತೆಯ ತಪ್ಪನ್ನು ಕೂತು ಕಲಿತಿತ್ತು. ಯಾರಿಗೂ ಅನುಮಾನ ಬರದಿರಲಿ ಅಂತ. ಅತ್ತೆಗೇ ಬರದಿರಲಿ ಅಂತ. ಇವತ್ತು ಆಸ್ಪತ್ರೆಯಲ್ಲಿ ಸೂಜಿ ಎಲ್ಲಿದೆ ಅಂತ ನೆನಪಾದ ಮೇಲೂ ಬೈಗುಳವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿದ್ದಳು ಹುಚ್ಚಿ.

ಅತ್ತೆ ಅತ್ತಳು. ಕಣ್ಣೊರೆಸಿಕೊಳ್ಳಲು ಬೆರಳು ಮಡಚದೆ ಮಣಿಕಟ್ಟಿನಲ್ಲಿ ಒರೆಸಿಕೊಂಡಳು. ದಾರದ ಚೂರುಗಳನ್ನು ಅಂಗೈಗಳಲ್ಲಿ ಬಾಚಿ ಮತ್ತೆ ತುಂಬಿ, ಎಲ್ಲವನ್ನೂ ಇದ್ದಂತೆಯೇ ಇಟ್ಟಳು. ಸೂಜಿಯೊಂದನ್ನು ಹೊರತು. ಅದನ್ನು ಬಟ್ಟೆಯಿಂದ ಕೀಳಲು ಬೆರಳಿಗೆ ಆಗದೆ ಹಲ್ಲಿನಿಂದ ಕಿತ್ತು, ಸೊಸೆಯ ಡಬ್ಬಿಗೆ ಉಗುಳಿದಳು.

ಮರುದಿನ ಬೆಳಿಗ್ಗೆ ಸೊಸೆ ಡಬ್ಬಿ ತೆಗೆದಳು. ಏಳು. ಅವಳು ಮತ್ತೆ ಎಣಿಸಿದಳು. ಏಳೇ. ಅತ್ತೆ ಕಿಟಕಿ ಪಕ್ಕದ ಎತ್ತರದ ಕುರ್ಚಿಯಲ್ಲಿ, ಬೀದಿ ನೋಡುತ್ತಾ ಕೂತಿದ್ದಳು. ಮಡಿಲಲ್ಲಿ ಕೋಟಿರಲಿಲ್ಲ.

"ಅತ್ತೆ, ಇದು... ಎಲ್ಲಿ ಸಿಕ್ತು?"

"ನೆಲದ ಮೇಲೆ ಬಿದ್ದಿತ್ತು, ಇನ್ನೆಲ್ಲಿ? ಇನ್ಮೇಲೆ ಸೂಜಿ ಬಾಯಲ್ಲಿ ಇಟ್ಕೋಬೇಡ. ಮಣಿಕಟ್ಟಿಗೊಂದು ಸೂಜಿ ಚುಚ್ಚೋ ದಿಂಬು ಕಟ್ಕೋ. ನಾನು ಕಲಿಸಿದ್ದು ತಪ್ಪು." ಆಕೆ ಗಂಟಲು ಸರಿಮಾಡಿಕೊಂಡಳು. "ಮತ್ತೆ ನೋಡು, ಇವತ್ತಿಂದ ಕಾಜಾ ಎಲ್ಲಾ ನೀನೇ ಹಾಕು. ನನಗೆ ಪುರುಸೊತ್ತಿಲ್ಲ. ಎರಡನೇ ಹಾಡು ಕಲೀಬೇಕು."

"ಅತ್ತೆ..."

"ಇನ್ನೊಂದು ಮಾತು. ಕೊನೇ ಗಂಟು ಎಡಕ್ಕೆ ಹಾಕ್ಬೇಡ. ಅದು ನನ್ನ ಕೆಟ್ಟ ಅಭ್ಯಾಸ. ನಿನಗೆ ಹೇಗೆ ಬರುತ್ತೋ ಹಾಗೆ ನೆಟ್ಟಗೆ ಹಾಕು."

ಸೊಸೆ ಒಂದು ಸೂಜಿಯನ್ನೂ ಬಾಯಿಗಿಡಲಿಲ್ಲ. ಅವಳು ಅಳು ತಡೆದುಕೊಂಡು ಕೆಳಗಿನ ಡ್ರಾಯರಿನಿಂದ ಬೂದು ಕೋಟನ್ನು ಎತ್ತಿ, ಅತ್ತೆಯ ಕಣ್ಣೆದುರಿಗೇ ಮೇಜಿನ ಮೇಲೆ ಹರಡಿ, ಮೂರನೇ ಕಾಜಾದ ಉಳಿದರ್ಧ ಬಿಚ್ಚಲು ಕೂತಳು. ಅತ್ತೆ ಅತ್ತ ನೋಡದೆ, ತುಟಿ ಒದ್ದೆ ಮಾಡಿಕೊಂಡು, ಹಳೆಯ ಹಾಡನ್ನೇ ಮೊದಲಿನಿಂದ ಶುರುಮಾಡಿದಳು.