ತಡೀರಿ ಸಾರ್

ಕಂಪ್ಯೂಟರ್‌ಗಳನ್ನು ನೋಡಿಕೊಳ್ಳೋರನ್ನು ಆಫೀಸಿನವರೆಲ್ಲ ಕರೆಯೋದೇ ‘ತಡೀರಿ ಸಾರ್’ ಅಂತ. ಸಂಬಳದ ಸಾಫ್ಟ್‌ವೇರ್, ಗೋದಾಮಿನದು, ಹಾಜರಿಯದು, ಮೂರರ ಮಾಹಿತಿಯೂ ಇರೋದು ಒಂದೇ ಡೇಟಾಬೇಸ್ ಸರ್ವರಿನಲ್ಲಿ. ಅದು ಕಣ್ಣು ಬಿಡೋ ಮೊದಲೇ ಇವು ಎದ್ದರೆ ಮುಗ್ಗರಿಸಿ ಬೀಳುತ್ತವೆ. ಹಾಗಾಗಿ ಶನಿವಾರ ಆಫ್ ಮಾಡಿದ ಯಂತ್ರಗಳನ್ನು ಸೋಮವಾರ ಬೆಳಿಗ್ಗೆ ಆನ್ ಮಾಡುವಾಗ ಸಾರ್, ಹಸಿದ ಮಕ್ಕಳನ್ನು ಸಾಲಾಗಿ ಕೂರಿಸೋ ದೊಡ್ಡಮ್ಮನ ಹಾಗೆ, “ತಡಿಯಪ್ಪಾ, ಮೊದಲು ಅಣ್ಣ ಏಳಲಿ” ಅಂತ ಪರದೆಗೆ ಗದರಿ, ಎರಡೆರಡು ನಿಮಿಷ ಬಿಟ್ಟು ಒಂದೊಂದನ್ನೇ ಎಬ್ಬಿಸುತ್ತಾರೆ. ಮ್ಯಾನೇಜರ್ ಫೋನ್ ಮಾಡಿ ಕೂಗಾಡಿದರೂ ಅದೇ ಉತ್ತರ: “ತಡೀರಿ ಸಾರ್.” ಸರ್ವರ್ ಕೋಣೆಯಲ್ಲಿರೋದು ಎರಡು ಕುರ್ಚಿ, ಒಂದರಲ್ಲಿ ಸಾರ್ ಯಾರನ್ನೂ ಕೂರಗೊಡುವುದಿಲ್ಲ. ಅದು ಅವರಿಗೆ ಕೆಲಸ ಕಲಿಸಿದ ಗುರುಗಳದು. ಅವರು ತೀರಿಕೊಂಡು ಆರು ವರ್ಷ. ಆದರೂ ಮೂರು ಸಾಫ್ಟ್‌ವೇರ್‌ಗಳೂ ಡೇಟಾಬೇಸಿನ ಬಾಗಿಲು ತಟ್ಟೋದು ಇವತ್ತಿಗೂ ಗುರುಗಳ ಹೆಸರು, ಪಾಸ್‌ವರ್ಡ್ ಹೇಳಿಯೇ. ಒಮ್ಮೆ ಮ್ಯಾನೇಜರ್ “ಸತ್ತವರ ಖಾತೆ ಯಾಕ್ರೀ?” ಅಂತ ಅದನ್ನು ಮುಚ್ಚಿಸಿದಾಗ ಒಂದೂ ಏಳಲಿಲ್ಲ, ತೆಪ್ಪಗೆ ಮತ್ತೆ ತೆರೆಸಿದರು. ಮೊನ್ನೆ ಸೋಮವಾರ ಬಸ್ಸು ಕೆಟ್ಟು, ಸಾರ್ ಜೀವಮಾನದಲ್ಲೇ ಮೊದಲ ಸಲ ಅರ್ಧ ಗಂಟೆ ತಡವಾಗಿ ಬಂದರು. ಜೇಬಿನಿಂದ ಇರೋದೊಂದೇ ಬೀಗದ ಕೈ ತೆಗೆದು ಬಾಗಿಲು ತೆರೆದರೆ, ಒಳಗೆ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಪರದೆಯಲ್ಲಿ ಎದ್ದ ಸಮಯ ನೋಡಿದರೆ, ಮೊದಲು ಡೇಟಾಬೇಸ್, ಆಮೇಲೆ ಎರಡೆರಡು ನಿಮಿಷ ಬಿಟ್ಟು ಒಂದೊಂದೇ, ಎಲ್ಲ ಸರದಿ ಪ್ರಕಾರ ಎದ್ದು ಕೂತಿದ್ದವು. ಸಾರ್ ಪಕ್ಕದ ಕುರ್ಚಿಯ ಕಡೆ ತಿರುಗದೆ ತಮ್ಮ ಕುರ್ಚಿಯಲ್ಲಿ ಕೂತು, ಮೆತ್ತಗೆ ಕೇಳಿದರು: “ನಾನು ಬರೋವರೆಗೂ ತಡೀಬಾರದಿತ್ತಾ, ಗುರುಗಳೇ?”